ಏಳು ಟೊಮೆಟೊ, ಒಂದು ಡೊಂಕು ಸೌತೆಕಾಯಿ

ಮೊದಲ ವರ್ಷ ಇಪ್ಪತ್ತನಾಲ್ಕು ಟೊಮೆಟೊ ಗಿಡ ನೆಟ್ಟು ಏಳು ಹಣ್ಣು ತಿಂದೆ. ಏಳರಲ್ಲಿ ಎರಡು ಒಡೆದಿದ್ದವು. ಈ ಲೆಕ್ಕವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ಮಡಿಕೇರಿಗೆ ವರ್ಗವಾಗಿ ಬಂದವರೆಲ್ಲ ಮನೆಯ ಹಿಂದಿನ ಹಸಿರು ಕಂಡೊಡನೆ, ಇಲ್ಲಿ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೇಲಿಗೆ ನೆಟ್ಟ ಕಡ್ಡಿ ಚಿಗುರುತ್ತದೆ, ಸುಳ್ಳಲ್ಲ. ಟೊಮೆಟೊ ಮಾತ್ರ ಕೊಳೆಯುತ್ತದೆ.

ನನ್ನ ತವರು ಮಂಡ್ಯದ ಕಡೆಯ ಹಳ್ಳಿ. ಹಿತ್ತಿಲಲ್ಲಿ ಬದನೆ, ಅವರೆ, ದಂಟು ಕೊಯ್ದು ತಂದು ಸಾರು ಮಾಡಿದ ಕೈ ಎಂಬ ಜಂಬ ಒಳಗೊಳಗೇ ಇತ್ತು. ಫೆಬ್ರವರಿಯಲ್ಲಿ ನಾವು ಬಂದಿಳಿದ ಬಾಡಿಗೆ ಮನೆ, ಮಡಿಕೇರಿಯಿಂದ ಮೇಕೇರಿ ಕಡೆಗೆ ಇಳಿಯುವ ರಸ್ತೆಯ ಬದಿಯಲ್ಲಿದೆ. ಹಿಂದೆ ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಜಾಗ. ಅದರ ಬೆನ್ನಿಗೆ ಆಳೆತ್ತರದ ಬರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ. ಬರೆಯ ಮೇಲೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ. ಗುದ್ದಲಿ ಹಿಡಿಯುವ ಮೊದಲು ಮನೆಯ ಮಾಲೀಕರಿಗೊಂದು ಮಾತು ಹೇಳೋಣವೆಂದು ಫೋನ್ ಮಾಡಿದೆ. ಅವರು, "ಅಗೆಯುವುದು ಬೇಡವಮ್ಮ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನಗೆ ಸಿಟ್ಟು ಬಂತು. ಸೊಪ್ಪು ಬೆಳೆಯುವುದಕ್ಕೂ ಅಡ್ಡಿಯೇ?

ಕಾರಣ ಆಮೇಲೆ ತಿಳಿಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಇಲ್ಲಿನವರು ಮರೆತಿಲ್ಲ, ಮರೆಯುವಂಥದ್ದೂ ಅಲ್ಲ. ಬರೆಯ ಬುಡದಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಮಳೆಗಾಲದಲ್ಲಿ ಬರೆ ಕುಸಿಯುತ್ತದೆ ಎಂಬುದು ಅವರ ಭಯ. ಎರಡು ವಾರ ಎಳೆದಾಡಿ, ಕೊನೆಗೆ ಬಾಡಿಗೆ ಕರಾರಿಗೆ ಮೂರು ಸಾಲು ಸೇರಿಸಿ ಸಹಿ ಮಾಡಿಕೊಟ್ಟೆವು. ಬರೆಯಿಂದ ನಾಲ್ಕು ಅಡಿಯೊಳಗೆ ಗುದ್ದಲಿ ಹಾಕುವುದಿಲ್ಲ, ಬೇರೆಡೆ ಒಂದು ಅಡಿಗಿಂತ ಆಳ ಅಗೆಯುವುದಿಲ್ಲ, ಬಸಿಗಾಲುವೆ ಮುಚ್ಚುವುದಿಲ್ಲ ಎಂದು. ಇಳಿಜಾರಿನ ಮನೆಯಲ್ಲಿ ಬಾಡಿಗೆಗೆ ಇರುವವರು ಇದನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಳ್ಳಿ. ನಾಳೆ ಬರೆಯ ಒಂದು ಬುಟ್ಟಿ ಮಣ್ಣು ಬಿದ್ದರೂ ಬೆರಳು ನಿಮ್ಮ ಬದನೆ ಗಿಡದ ಕಡೆಗೇ ತಿರುಗುತ್ತದೆ.

ಆಳಕ್ಕೆ ಅಗೆಯುವಂತಿಲ್ಲವಲ್ಲ, ಹಾಗಾಗಿ ಗ್ರೋ ಬ್ಯಾಗ್ ತಂದೆ. ಮೊಬೈಲಿನಲ್ಲಿ ನೋಡಿದ ತಾರಸಿ ತೋಟಗಳಲ್ಲಿ ಅವು ಬಹಳ ಚೆಂದ ಕಾಣುತ್ತಿದ್ದವು. ನಲವತ್ತು ಚೀಲ, ತೆಂಗಿನ ನಾರಿನ ಪುಡಿ, ಪಿಕಪ್‌ನಲ್ಲಿ ಒಂದು ಲೋಡ್ ಮಣ್ಣು. ಮಣ್ಣು ಕಪ್ಪಗೆ, ಉದುರುದುರಾಗಿತ್ತು. ಅದು ಎಲ್ಲಿಯದು ಎಂದು ನಾನು ಕೇಳಲಿಲ್ಲ. ತಂದವನು ಹೋಗುವಾಗ ತಾನಾಗಿಯೇ, "ಶುಂಠಿ ಗದ್ದೆಯ ಮಣ್ಣು ಅಕ್ಕ, ಒಳ್ಳೆ ಗೊಬ್ಬರ ತಿಂದಿದೆ" ಎಂದ. ನಾನು ಖುಷಿಪಟ್ಟೆ.

ಏಪ್ರಿಲ್, ಮೇ ತಿಂಗಳಲ್ಲಿ ಗಿಡಗಳು ನೋಡುವಂತಿದ್ದವು. ಫೋಟೊ ತೆಗೆದು ತವರಿಗೂ ಕಳಿಸಿದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಇಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಹೇಳುತ್ತಾರೆ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಪ್ರತಿ ತೋಟದ ಮನೆಯಲ್ಲೂ ಅಳೆಯುವ ಪುಸ್ತಕವಿದೆ. "ನಿನ್ನೆ ನಮ್ಮಲ್ಲಿ ನಾಲ್ಕು ಇಂಚು ಇಪ್ಪತ್ತು ಸೆಂಟ್" ಎಂದು ಪಕ್ಕದ ಮನೆಯವರು ಹಾಲಿನ ಲೆಕ್ಕ ಹೇಳುವಂತೆ ಹೇಳಿದಾಗ ನಾನು ಬೆಚ್ಚಿಬಿದ್ದೆ. ನಾಲ್ಕು ಇಂಚು ಎಂದರೆ ನಮ್ಮ ಊರಿನಲ್ಲಿ ಒಂದು ತಿಂಗಳ ಮಳೆ.

ಮೂರನೆಯ ದಿನ ಬೆಳಿಗ್ಗೆ ಒಂದು ಟೊಮೆಟೊ ಗಿಡ ಬಿಸಿನೀರು ಹೊಯ್ದಂತೆ ಜೋತುಬಿದ್ದಿತ್ತು. ಎಲೆ ಹಸಿರಾಗಿಯೇ ಇದೆ, ಬುಡ ಒದ್ದೆಯಾಗಿಯೇ ಇದೆ, ಗಿಡ ಮಾತ್ರ ಬಾಡಿದೆ. ಮರುದಿನ ನಾಲ್ಕು. ವಾರದಲ್ಲಿ ಹದಿನೆಂಟು. ನೀರು ಹೆಚ್ಚಾಯಿತೆಂದು ಚೀಲಕ್ಕೆ ತೂತು ಮಾಡಿದೆ, ಬೇವಿನ ಎಣ್ಣೆ ಹೊಡೆದೆ, ಮಜ್ಜಿಗೆಯನ್ನೂ ಬಿಡಲಿಲ್ಲ. ಯಾವುದೂ ನಾಟಲಿಲ್ಲ. ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಪತ್ತೆ ಹಚ್ಚಲು ಪ್ರಯೋಗಾಲಯ ಬೇಡ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂತಹ ಬಿಳಿ ದ್ರವ ಇಳಿದು ಬಂದರೆ ಅದೇ. ಬಂದರೆ ಔಷಧಿ ಹುಡುಕುತ್ತ ಕೂರಬೇಡಿ, ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಆ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನು ಮತ್ತೆ ಹಾಕಬೇಡಿ. ಶುಂಠಿಗೂ ಇದೇ ಜಾತಿಯ ದುಂಡಾಣುವಿನ ಕಾಟವಿದೆ. ಆದ್ದರಿಂದ ನನ್ನ ಅನುಮಾನವೆಲ್ಲ ಆ ಪಿಕಪ್ ಮಣ್ಣಿನ ಮೇಲೆ. ಯಾವ ಗದ್ದೆಯದು, ಹಿಂದೆ ಏನು ಬೆಳೆದಿತ್ತು, ಕಳೆನಾಶಕ ಹೊಡೆದಿದ್ದರೇ ಎಂದು ಕೇಳದೆ ಮಣ್ಣು ಕೊಳ್ಳುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಕೊತ್ತಂಬರಿ ಮಡಿಯ ಕಥೆ ಇನ್ನೂ ಚಿಕ್ಕದು. ಹುಟ್ಟಿತು, ಎರಡು ಇಂಚು ಬೆಳೆಯಿತು, ಮಳೆಯ ಹೊಡೆತಕ್ಕೆ ಮಲಗಿತು. ಉಳಿದದ್ದನ್ನು ಬಸವನಹುಳು ತಿಂದಿತು. ಶನಿವಾರಸಂತೆ ಕಡೆ ಕಾಫಿ ಗಿಡಗಳನ್ನೂ ಬಿಡದ ಆಫ್ರಿಕನ್ ದೈತ್ಯ ಬಸವನಹುಳುವಿನ ಸುದ್ದಿ ಓದಿದ್ದೆ. ನಮ್ಮಲ್ಲಿನವು ಅದರ ಬಡ ನೆಂಟರು, ಚಿಪ್ಪಿಲ್ಲದ ಲೋಳೆಹುಳುಗಳೇ ಹೆಚ್ಚು. ರಾತ್ರಿ ಒಂಬತ್ತಕ್ಕೆ ಕೊಡೆ, ಟಾರ್ಚ್ ಹಿಡಿದು, ಇಕ್ಕಳದಿಂದ ಹೆಕ್ಕಿ ಉಪ್ಪುನೀರಿನ ಡಬ್ಬಕ್ಕೆ ಹಾಕುವುದು ನನ್ನ ಜುಲೈ ತಿಂಗಳ ದಿನಚರಿಯಾಯಿತು. ಬರಿಗೈಯಲ್ಲಿ ಮುಟ್ಟಬೇಡಿ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಸಿಪ್ಪೆ ಇಟ್ಟರೆ ಬೆಳಗಾಗುವಾಗ ಅಲ್ಲಿಯೇ ಗುಂಪು ಸೇರಿರುತ್ತವೆ, ನಿದ್ದೆಯೂ ಉಳಿಯುತ್ತದೆ. ಬೂದಿ, ಸುಣ್ಣದ ಗೆರೆ ಎಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಕೊಡಗಿನ ಜುಲೈನಲ್ಲಿ ಆ ಗೆರೆ ಹತ್ತು ನಿಮಿಷ ನಿಂತರೆ ಹೆಚ್ಚು.

ಯಜಮಾನರು ಶುಕ್ರವಾರದ ಸಂತೆಯಿಂದ ಟೊಮೆಟೊ ತಂದು ಏನೂ ಮಾತಾಡದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಮಾತಾಡಿದ್ದರೆ ಜಗಳವಾದರೂ ಆಗುತ್ತಿತ್ತು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಕೊಡವ ಮನೆಗಳಲ್ಲಿ ಅಜ್ಜಿಯನ್ನು ತಾಯಿ ಎನ್ನುತ್ತಾರೆ. ಅವರ ಮೊಮ್ಮಕ್ಕಳು ಕರೆಯುವುದನ್ನು ಕೇಳಿ ನಾನೂ ಹಾಗೆಯೇ ಕರೆಯುತ್ತೇನೆ. ಕೊಡವರ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಮದ್ದು ಸೊಪ್ಪು ಎಂಬ ಔಷಧಿ ಗಿಡದ ಪಾಯಸ ಕೊಟ್ಟು ಕಳಿಸಿದ್ದರು. ಕಡುನೇರಳೆ ಬಣ್ಣ, ಬೇರೆಲ್ಲೂ ಇಲ್ಲದ ಪರಿಮಳ. ಮರುದಿನ ಮೂತ್ರ ಕೆಂಪಗೆ ಹೋದದ್ದು ನೋಡಿ ಗಾಬರಿಯಾಗಿ ಓಡಿದೆ. ತಾಯಿ ನಕ್ಕು ನಕ್ಕು ಕೆಮ್ಮಿದರು. ಆ ನಗುವಿನ ನಡುವೆಯೇ ನನ್ನ ಹಿತ್ತಿಲಿನ ಕಡೆ ನೋಡಿ, "ನೀನು ಬೇಸಿಗೆಯ ಗಿಡವನ್ನು ಮಳೆಯಲ್ಲಿ ನಿಲ್ಲಿಸಿದ್ದೀಯ. ಮಳೆಗೆ ಬರುವುದನ್ನು ಮಳೆಯಲ್ಲಿ ತಿನ್ನಬೇಕು" ಎಂದರು.

ಅವರ ಹಿತ್ತಿಲಿಗೆ ಹೋಗಿ ನೋಡಿದರೆ, ನಾನು ಅಳುತ್ತಿದ್ದ ಅದೇ ಮಳೆಯಲ್ಲಿ ಕೆಸ ಸೊಂಟದೆತ್ತರ ಬೆಳೆದಿತ್ತು. ಅರಿಶಿನ, ಶುಂಠಿ, ಬಸಳೆ, ಚಕ್ರಮುನಿ, ಬೇಲಿಯ ಮೇಲೆ ಸೀಮೆಬದನೆ ಬಳ್ಳಿ, ಕಲ್ಲಿನ ಸಂದಿಯಲ್ಲಿ ಸೂಜಿಮೆಣಸು, ಬಚ್ಚಲ ನೀರು ಹೋಗುವಲ್ಲಿ ಒಂದೆಲಗ. ಕಾಫಿ ಗಿಡದ ನೆರಳಿನಲ್ಲಿ ಗರಗಸದ ಅಂಚಿನ ಉದ್ದ ಎಲೆಯ ಗಿಡವೊಂದಿತ್ತು. ಎಲೆ ಹಿಸುಕಿದರೆ ಅಪ್ಪಟ ಕೊತ್ತಂಬರಿ ವಾಸನೆ! ಇಲ್ಲಿ ಅದನ್ನು ಕಾಡು ಕೊತ್ತಂಬರಿ ಎನ್ನುತ್ತಾರೆ. ಬಿಸಿಲು ಬೇಡ, ಎಷ್ಟು ಮಳೆಯಾದರೂ ಕೊಳೆಯುವುದಿಲ್ಲ, ಹೂದಂಡು ಚಿವುಟುತ್ತಿದ್ದರೆ ಎಲೆ ಕೊಡುತ್ತಲೇ ಇರುತ್ತದೆ. ನಮ್ಮ ಕೊತ್ತಂಬರಿಗಿಂತ ಗಾಢ, ಆದ್ದರಿಂದ ಸಾರಿಗೆ ಮೂರು ಎಲೆ ಸಾಕು. ನಾಲ್ಕು ಸಸಿ, ಮದ್ದು ಸೊಪ್ಪಿನ ಹತ್ತು ಕಡ್ಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಒಂದೂ ಸಾಯಲಿಲ್ಲ. ಆ ವರ್ಷದ ನನ್ನ ಮೊದಲ ಗೆಲುವು ಅದು, ಪುಕ್ಕಟೆಯಾಗಿ ಬಂದದ್ದು.

ಮಳೆ ಬಿಟ್ಟ ಮೇಲೆ ಮಣ್ಣು ಪರೀಕ್ಷೆ ಮಾಡಿಸಬೇಕೆಂದು ಹೊರಟೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ವಿಚಾರಿಸಲು ಜಾಗಕ್ಕೇನೂ ಕೊರತೆಯಿಲ್ಲ. ನಾನು ಹೋದದ್ದು ಯಾವ ಕಡೆ ಎಂಬುದು ಬೇಡ. ಅರ್ಜಿಯಲ್ಲಿ ಸರ್ವೆ ನಂಬರ್ ಬರೆಯಿರಿ, ಪಹಣಿ ತನ್ನಿ ಎಂದರು. ಬಾಡಿಗೆ ಹಿತ್ತಿಲಿಗೆ ಪಹಣಿ ಎಲ್ಲಿಂದ ತರಲಿ? ಮಾಲೀಕರಿಗೆ ಫೋನ್ ಮಾಡಿ ಸರ್ವೆ ನಂಬರ್ ಕೇಳಿದರೆ, ಅವರು ಜಾಗಕ್ಕೇ ಕಣ್ಣು ಹಾಕಿದ್ದೇನೋ ಎಂಬಂತೆ "ಯಾಕೆ?" ಎಂದರು. ಮೂರು ಸಲ ಓಡಾಡಿದ ಮೇಲೆ, ಮನೆಯ ವಿಳಾಸ ಬರೆದರೆ ಸಾಕು ಎಂದು ಅಲ್ಲಿಯೇ ಬೇರೊಬ್ಬರು ತೆಗೆದುಕೊಂಡರು. ವರದಿ ಕೈಗೆ ಬರಲು ಐದು ವಾರ ಹಿಡಿಯಿತು. ನೀವು ಹೋಗುವುದಾದರೆ ಸುಣ್ಣ, ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ. ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ಆಳ ತೋಡಿ, ಅಂಚಿನಿಂದ ತೆಳುವಾಗಿ ಕೆರೆದ ಮಣ್ಣನ್ನು ಒಟ್ಟಿಗೆ ಕಲಸಿ, ನೆರಳಿನಲ್ಲಿ ಆರಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಹಳೆಯ ಯೂರಿಯಾ ಚೀಲದಲ್ಲಿ ಮಾತ್ರ ಒಯ್ಯಬೇಡಿ.

ರಸಸಾರ (ಪಿಎಚ್) 5.1 ಎಂದಿತ್ತು. ಅಂದರೆ ಹುಳಿ ಮಣ್ಣು. ಸಾವಯವ ಇಂಗಾಲ ಧಾರಾಳ, ರಂಜಕ ಕಡಿಮೆ. ಇಷ್ಟು ಮಳೆ ಸುರಿಯುವ ಕಡೆ ಸುಣ್ಣದ ಅಂಶವೆಲ್ಲ ತೊಳೆದು ಹೋಗುತ್ತದೆ, ತೋಟದವರು ಕೆಲವು ವರ್ಷಗಳಿಗೊಮ್ಮೆ ಸುಣ್ಣ ಹಾಕುವುದು ಅದಕ್ಕೇ. ಗೊಬ್ಬರದ ಮೇಲೆ ಗೊಬ್ಬರ ಸುರಿದರೂ ನೆಲಕ್ಕೆ ಹಾಕಿದ ಗಿಡಗಳು ಬಡಕಲಾಗಿದ್ದೇಕೆಂದು ಆಗ ಅರ್ಥವಾಯಿತು. ಹುಳಿ ಮಣ್ಣಿನಲ್ಲಿ ಊಟ ಬಡಿಸಿದ್ದರೂ ಗಿಡಕ್ಕೆ ಎಟುಕುವುದಿಲ್ಲ. ಚದರ ಮೀಟರಿಗೆ ಕಾಲು ಕಿಲೋದಂತೆ ಕೃಷಿ ಸುಣ್ಣ ಬೆರೆಸಿ, ಮೂರು ವಾರ ಬಿಟ್ಟು ಆಮೇಲೆ ಹಟ್ಟಿಗೊಬ್ಬರ ಹಾಕಿದೆ. ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಹತ್ತು ಇಂಚು ಎತ್ತರದ ಐದು ಮಡಿ ಕಟ್ಟಿ, ನಡುವೆ ಬಸಿಗಾಲುವೆ ಬಿಟ್ಟು, ಅವನ್ನು ಬರೆಯಿಂದ ದೂರ ರಸ್ತೆಯ ಚರಂಡಿಗೆ ಕೂಡಿಸಿದೆ. ಮಾಲೀಕರು ಬಂದು ನೋಡಿ ತಲೆಯಾಡಿಸಿದರು.

ಸಗಣಿ, ಗಂಜಲ ಕೊಳೆಸಿ ಮಾಡುವ ದ್ರವಗೊಬ್ಬರ ಜೀವಾಮೃತಕ್ಕೆ ಎಕರೆಯ ಲೆಕ್ಕವನ್ನು ಇಪ್ಪತ್ತರಿಂದ ಭಾಗಿಸಿಕೊಂಡೆ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಒಣ ತಿಂಗಳುಗಳಲ್ಲಿ ಅದರ ಗುಣ ಕಣ್ಣಿಗೆ ಕಂಡಿತು. ಜೂನ್‌ನಿಂದ ಆಗಸ್ಟ್‌ವರೆಗೆ ಹಾಕುವುದು ಚರಂಡಿಗೆ ಬೆಲ್ಲ ತಿನ್ನಿಸಿದಂತೆ. ಪಕ್ಕದ ತೋಟದವರು ಕೊಟ್ಟ ಕಾಫಿ ಸಿಪ್ಪೆಯನ್ನು ಹಸಿಯಾಗಿಯೇ ಒಂದು ಮಡಿಗೆ ಹಾಕಿ ಸಸಿಗಳನ್ನು ಬೇಯಿಸಿದ್ದೂ ಉಂಟು. ಅದು ಕೊಳೆಯುವಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಸಗಣಿ ಸೇರಿಸಿ ಆರು ತಿಂಗಳು ಗುಡ್ಡೆ ಹಾಕಿ, ಕಪ್ಪಾದ ಮೇಲೆ ಬಳಸಿ.

ನವೆಂಬರ್‌ನಲ್ಲಿ ಬಿತ್ತಿದ್ದೆಲ್ಲ ಬಂತು. ಬೀನ್ಸ್, ಮೂಲಂಗಿ, ಕೋಸು, ಮೆಂತ್ಯ, ಕೊನೆಗೂ ಕೊತ್ತಂಬರಿ. ಬೀಜವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದ್ದೆ. ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ನಮ್ಮದೇ ಸೊಪ್ಪಿನ ಪಲ್ಯ ತಿಂದೆವು. ಜನವರಿಯಲ್ಲಿ ಕೋತಿಗಳು ಬಂದವು. ಅವು ತಿಂದಿದ್ದರೆ ಇಷ್ಟು ಹೊಟ್ಟೆಯುರಿಯುತ್ತಿರಲಿಲ್ಲ. ಹನ್ನೊಂದು ಕೋಸು ಕಿತ್ತು, ಒಂದೊಂದಕ್ಕೆ ಒಂದೊಂದು ಬಾಯಿ ಹಾಕಿ, ಸಾಲಾಗಿ ಹೆಂಚಿನ ಮೇಲೆ ಇಟ್ಟು ಹೋಗಿದ್ದವು. ಅಂದು ನಿಜವಾಗಿ ಅತ್ತೆ. ಪಟಾಕಿ, ಹುಲಿಯ ಚಿತ್ರ, ಹಳೆಯ ಸಿ.ಡಿ. ಎಲ್ಲವನ್ನೂ ಅವು ಎರಡೇ ದಿನದಲ್ಲಿ ಕಲಿತುಬಿಡುತ್ತವೆ. ಈಗ ಬೀನ್ಸ್ ಮಡಿಗೆ ಮಾತ್ರ ತಂತಿಬಲೆಯ ಗೂಡು. ಹೊರಗಿರುವುದೆಲ್ಲ ಅವು ಮುಟ್ಟದ ಹಾಗಲ, ಕೆಸ, ಅರಿಶಿನ, ಪುದೀನ, ಸೂಜಿಮೆಣಸು, ದೊಡ್ಡಪತ್ರೆ. ಮಾರ್ಚ್‌ನಲ್ಲಿ ಮತ್ತೊಂದು ಪಾಠ. ಮಳೆಯ ಊರಿನಲ್ಲೂ ಬಾವಿಯ ತಳ ಕಾಣುತ್ತದೆ. ಕಾಫಿಯವರು ಗಿಡ ಹೂ ಬಿಡಿಸುವ ಹೂ ಮಳೆಗಾಗಿ ಆಕಾಶ ನೋಡುವಾಗ ನಾನೂ ಬಿಂದಿಗೆ ಹಿಡಿದು ನೋಡಿದೆ. ತರಗೆಲೆಯ ಹೊದಿಕೆ ನಾಲ್ಕು ಇಂಚು ಹಾಕಿದ್ದ ಮಡಿ ಬದುಕಿತು, ಬರಿಯ ಮಡಿ ಒಣಗಿತು.

ಎರಡನೆಯ ಮಳೆಗಾಲಕ್ಕೆ ಒಂದು ಮಡಿಯ ಮೇಲೆ ಸೂರು ಹಾಕಿಸಿದೆ. ಮೊದಲು ದುಡ್ಡು ಉಳಿಸಲೆಂದು ನೀಲಿ ಟಾರ್ಪಾಲು ಹೊದಿಸಿದೆ, ಗಿಡಗಳು ಬೆಳಕಿಲ್ಲದೆ ನೂಲಿನಂತೆ ಉದ್ದವಾದವು. ಕಿತ್ತು ಹಾಕಿ, ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ ತಂದೆವು. ಬಿದಿರಿನ ಕಂಬ, ಕಡಿದಾದ ಇಳಿಜಾರು, ನಾಲ್ಕೂ ಬದಿ ಗಾಳಿಗೆ ಮುಕ್ತ. ಸೂರಿನ ನೀರು ಬೀಳುವಲ್ಲಿ ಕಾಲುವೆ ಮಾಡದಿದ್ದರೆ ಒಂದೇ ರಾತ್ರಿಯಲ್ಲಿ ಮಡಿಯ ಅಂಚು ಕೊಚ್ಚಿಹೋಗುತ್ತದೆ.

ಬದನೆಗೆ ಸುಂಡೆ ಗಿಡದ ಬುಡ ಕೊಟ್ಟೆ, ಅಂದರೆ ಬದನೆಯದೇ ಕುಲದ ಆ ಕಾಡು ಗಿಡಕ್ಕೆ ಬದನೆಯನ್ನು ಕಸಿ ಕಟ್ಟಿದೆ. ಸುಂಡೆಗೆ ಸೊರಗು ರೋಗವನ್ನು ತಡೆದುಕೊಳ್ಳುವ ಶಕ್ತಿಯಿದೆ, ರಸ್ತೆ ಬದಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದಿರುತ್ತದೆ. ಪೆನ್ಸಿಲ್‌ಗಿಂತ ತೆಳುವಾದ ಸುಂಡೆ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಅಷ್ಟೇ ದಪ್ಪದ ಬದನೆ ಕುಡಿಯನ್ನು ಬೆಣೆಯಂತೆ ಕೊರೆದು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಒಂದು ವಾರ ನೆರಳಿನಲ್ಲಿ ಪಾಲಿಥಿನ್ ಚೀಲ ಮುಚ್ಚಿಡಬೇಕು. ಹತ್ತು ಕಟ್ಟಿದೆ, ಆರು ಹಿಡಿದವು. ಕಸಿಯ ಗಂಟು ಮಣ್ಣಿಗೆ ತಾಗದಂತೆ ನೆಡುವುದು, ಕೆಳಗಿನಿಂದ ಬರುವ ಸುಂಡೆ ಚಿಗುರನ್ನು ಚಿವುಟುವುದು ಮರೆಯಬಾರದು. ಆ ಆರು ಗಿಡ ಈಗಲೂ ಕಾಯಿ ಕೊಡುತ್ತಿವೆ. ಟೊಮೆಟೊಗೆ ಸೊರಗು ತಡೆಯುವ ಅರ್ಕ ರಕ್ಷಕ್ ತಳಿ ಹಾಕಿ ಸೂರಿನ ಕೆಳಗೆ ಬೆಳೆದೆ. ಅದು ಹೈಬ್ರಿಡ್, ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಖರ್ಚು ಕೇಳುವವರಿಗಾಗಿ ಹೇಳುತ್ತೇನೆ. ಚೀಲ, ನಾರಿನ ಪುಡಿ ಮತ್ತು ಆ ಕೆಟ್ಟ ಮಣ್ಣಿಗೆ 4,300 ರೂಪಾಯಿ, ಇದು ಪೂರ್ತಿ ನಷ್ಟ. ಹಾಳೆಗೆ 1,900, ಬಿದಿರು, ತಂತಿ, ಆಳುಗಳ ಕೂಲಿಗೆ 2,200, ಹಟ್ಟಿಗೊಬ್ಬರಕ್ಕೆ 1,400, ಸುಣ್ಣ ಮತ್ತು ಬೇವಿನ ಹಿಂಡಿಗೆ 700, ಬೀಜಕ್ಕೆ 650. ಒಟ್ಟು ಹನ್ನೊಂದು ಸಾವಿರ ದಾಟಿತು. ಕೋತಿಗಳ ಗೂಡು ಬೇರೆ. ತರಕಾರಿಯ ಬೆಲೆಯಿಂದ ಇದನ್ನು ಭಾಗಿಸುವ ಕೆಲಸವನ್ನು ಯಜಮಾನರಿಗೆ ಬಿಟ್ಟಿದ್ದೇನೆ. ಈಗ ಶುರುಮಾಡುವವರು ಮೊದಲ ಮಳೆಗಾಲದಲ್ಲಿ ಏನನ್ನೂ ಕೊಳ್ಳದೆ, ಪಕ್ಕದ ಹಿತ್ತಿಲಿನಿಂದ ಗೆಡ್ಡೆ, ಕಡ್ಡಿ ಬೇಡಿ ತಂದು ನೆಟ್ಟರೆ ಬಹಳಷ್ಟು ದುಡ್ಡು ಉಳಿಯುತ್ತದೆ.

ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ಕೊಡವ ಮನೆಗಳಲ್ಲಿ ಕಣಿಪೂಜೆ. ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಿಯಾಗಿ ಪೂಜಿಸುತ್ತಾರೆ. ಈ ಸಲ ತಾಯಿಗೆ ನಾನೇ ಸೌತೆ ಕೊಡುತ್ತೇನೆ ಎಂದು ಮಾತು ಕೊಟ್ಟು, ಆಗಸ್ಟ್ ಮಧ್ಯದಲ್ಲಿ ಸೂರಿನ ಕೆಳಗೆ ಬೀಜ ಊರಿದೆ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಮಿಡಿಗಳು ಹಳದಿಯಾಗಿ ಉದುರತೊಡಗಿದವು. ಮಳೆಯಲ್ಲಿ ತುಡುವೆ ಜೇನು ಗೂಡು ಬಿಟ್ಟು ಹೊರಡುವುದಿಲ್ಲ, ಪರಾಗ ಮುಟ್ಟಿಸುವವರೇ ಇಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿನ ನಡುವಿಗೆ ಸವರುವುದು ನನ್ನ ಕೆಲಸವಾಯಿತು. ಮಿಡಿ ನಿಂತ ಮೇಲೆ ಹಣ್ಣು ನೊಣ ಚುಚ್ಚದಂತೆ ಪತ್ರಿಕೆಯ ಕಾಗದದ ಚೀಲ ಕಟ್ಟಿದೆ. ಮೂರು ಕಾಯಿ ನಿಂತವು. ಎರಡನ್ನು ನೊಣ ಹೇಗೋ ಮುಟ್ಟಿತು. ಮೂರನೆಯದರ ಚೀಲ ಬಿಚ್ಚಿದರೆ ಕುಡುಗೋಲಿನಂತೆ ಬಾಗಿತ್ತು. ಪರಾಗ ಒಂದೇ ಬದಿಗೆ ತಾಗಿದರೆ ಹಾಗಾಗುತ್ತದಂತೆ. ಸವರುವಾಗ ನಾನು ಅವಸರ ಮಾಡಿದ್ದೆ.

ತಾಯಿ ಅದನ್ನು ಅಂಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನು ನಿಲ್ಲಿಸಿ ಸೀರೆ ಉಡಿಸುವುದು ಹೇಗಮ್ಮ? ಒರಗಿ ಬೀಳುತ್ತದೆ" ಎಂದರು. ಕಣಿಗೆ ಸಂತೆಯ ಸೌತೆಯೇ ಬಂತು. ನನ್ನದನ್ನು ಅವರ ಅಡುಗೆಮನೆಯಲ್ಲಿಯೇ ಹೆಚ್ಚಿ, ಸೂಜಿಮೆಣಸು ಅರೆದು ಹಾಕಿ ಪಚ್ಚಡಿ ಮಾಡಿ, ಪೂಜೆಯ ದಿನ ದೋಸೆಯ ಜೊತೆ ಬಡಿಸಿದರು. ಬಳ್ಳಿಯ ತುದಿಯಲ್ಲಿ ತಡವಾಗಿ ನಿಂತ ಇನ್ನೊಂದು ಕಾಯಿಯಿದೆ. ಸದ್ಯಕ್ಕೆ ನೆಟ್ಟಗಿದೆ. ಬೀಜಕ್ಕೆಂದು ಹಳದಿಯಾಗಲು ಬಿಟ್ಟಿದ್ದೇನೆ.